ಬಿಟ್ಟಲ್ಲೇ ನಿಲ್ಲುವ ಲೂವರ್ ಬಾಗಿಲು: ನಾನು ಮಾಡಿಕೊಂಡ ಬಗೆ

ಕಿಟಕಿಯ ಒಳಬದಿಗೆ ಹಾಕುವ ಲೂವರ್ ಬಾಗಿಲುಗಳಲ್ಲಿ ಮರ ಮುರಿದು ಹಾಳಾದದ್ದನ್ನು ನಾನು ನೋಡಿದ್ದು ಕಡಿಮೆ. ಹಾಳಾಗುವುದು ರೆಕ್ಕೆಗಳ, ಅಂದರೆ ಚೌಕಟ್ಟಿನೊಳಗೆ ಸಾಲಾಗಿ ತಿರುಗುವ ತೆಳು ಮರದ ತುಂಡುಗಳ, ಹಿಡಿತ. ಹೊಸದರಲ್ಲಿ ಬೆರಳಿನಿಂದ ತಿರುಗಿಸಿದಲ್ಲೇ ನಿಲ್ಲುತ್ತವೆ. ಆಮೇಲಾಮೇಲೆ ಕೈ ಬಿಟ್ಟ ಕೂಡಲೇ ಜಾರಿ ಮುಚ್ಚಿಕೊಳ್ಳುತ್ತವೆ. ಇಲ್ಲವೇ ತೇವ ಜಾಸ್ತಿ ಇರುವ ದಿನಗಳಲ್ಲಿ ಬಿಗಿದುಕೊಂಡು ಅಲುಗಾಡುವುದೇ ಇಲ್ಲ. ಒಂದು ರೆಕ್ಕೆ ಒಡೆದರೂ ಇಡೀ ಚೌಕಟ್ಟನ್ನು ಬಿಚ್ಚಬೇಕು. ಆದರೆ ಅದನ್ನು ಅಂಟು ಹಾಕಿ ಮುಚ್ಚಿಬಿಟ್ಟಿರುತ್ತಾರೆ, ಬಿಚ್ಚುವುದು ಹೇಗೆ?

ಹಾಗಾಗಿ ನನ್ನ ಕಿಟಕಿಗಳಿಗೆ ಮಾಡಿಕೊಳ್ಳುವಾಗ ಎರಡು ವಿಷಯ ಮೊದಲೇ ನಿರ್ಧರಿಸಿದೆ. ಹಿಡಿತವನ್ನು ಯಾವಾಗ ಬೇಕಾದರೂ ಸ್ಕ್ರೂಡ್ರೈವರ್‌ನಿಂದ ಸರಿಮಾಡಲು ಬರಬೇಕು. ಯಾವ ರೆಕ್ಕೆಯನ್ನಾದರೂ ಏನನ್ನೂ ಒಡೆಯದೆ ಹೊರತೆಗೆಯಲು ಬರಬೇಕು. ಮಿಕ್ಕ ವಿನ್ಯಾಸವೆಲ್ಲ ಈ ಎರಡರ ಸುತ್ತಲೇ ಬೆಳೆಯಿತು.

ರೆಕ್ಕೆಗೆ 64 ಮಿ.ಮೀ. ಅಗಲ ಆರಿಸಿಕೊಂಡೆ. ನಡುವೆ 11 ಮಿ.ಮೀ. ದಪ್ಪ, ಎರಡೂ ಅಂಚಿನ ಕಡೆ ತೆಳ್ಳಗೆ. 89 ಮತ್ತು 114 ಮಿ.ಮೀ. ಅಗಲದವೂ ಬಳಕೆಯಲ್ಲಿವೆ. ಅಗಲ ಹೆಚ್ಚಾದಷ್ಟೂ ರೆಕ್ಕೆಗಳ ಸಂಖ್ಯೆ ಕಡಿಮೆ, ಹೊರಗಿನ ನೋಟ ಚೆನ್ನ. ಆದರೆ ತೆರೆದಾಗ ಅವು ಚೌಕಟ್ಟಿನಿಂದ ಆಚೆ ಚಾಚಿಕೊಳ್ಳುತ್ತವೆ. 64ರ ರೆಕ್ಕೆ ನಡುಗೆರೆಯಿಂದ ಆಚೆ ಈಚೆ 32 ಮಿ.ಮೀ. ಬರುತ್ತದೆ. ನನ್ನ ಚೌಕಟ್ಟಿನ ದಪ್ಪ 28. ಅಂದರೆ ಎರಡೂ ಕಡೆ 18 ಮಿ.ಮೀ. ಹೊರಕ್ಕೆ. ಕಿಟಕಿಯ ಹಿಡಿ ಅಷ್ಟರೊಳಗೆ ಇದ್ದರೆ ರೆಕ್ಕೆ ಅದಕ್ಕೆ ಬಡಿಯುತ್ತದೆ. ಗಾಜು ಮತ್ತು ಹಿಡಿಯವರೆಗಿನ ಜಾಗ ಅಳೆಯದೆ ರೆಕ್ಕೆಯ ಅಗಲ ನಿರ್ಧರಿಸಬೇಡಿ.

ಉದ್ದದ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. ಒಂದೇ ದಪ್ಪದ ಪಟ್ಟಿಯ ಉದ್ದ ಎರಡು ಪಟ್ಟಾದರೆ, ಸ್ವಂತ ಭಾರಕ್ಕೆ ಅದು ನಡುವೆ ಜೋಲುವುದು 16 ಪಟ್ಟಾಗುತ್ತದೆ. ರೆಕ್ಕೆ ಮಲಗಿದಂತೆ ತೆರೆದಿರುವಾಗ ಅದನ್ನು ಎತ್ತಿ ಹಿಡಿಯುವುದು ಆ 11 ಮಿ.ಮೀ. ದಪ್ಪ ಮಾತ್ರ. ಅದಕ್ಕೇ 500 ಮಿ.ಮೀ. ಉದ್ದಕ್ಕೆ ನಿಲ್ಲಿಸಿದೆ. ಅಗಲದ ಕಿಟಕಿಗೆ ಒಂದು ದೊಡ್ಡ ಬಾಗಿಲಿಗಿಂತ ಎರಡು ಸಣ್ಣವು ಒಳ್ಳೆಯದು. ಹಿಂಜ್‌ಗಳ ಮೇಲೆ ಭಾರವೂ ಕಡಿಮೆ.

ಮರ ಹಗುರ ಇರಲಿ, ಎಳೆ ನೇರ ಇರಲಿ, ಚೆನ್ನಾಗಿ ಒಣಗಿರಲಿ. ತೇವಾಂಶ 8ರಿಂದ 12 ಶೇಕಡ ಒಳಗಿದ್ದರೆ ಸಾಕು. ಹಲಗೆಯ ತುದಿ ನೋಡಿ. ಬೆಳವಣಿಗೆಯ ಉಂಗುರಗಳು ಅಗಲವಾದ ಮುಖಕ್ಕೆ ನೆಟ್ಟಗೆ ನಿಂತಂತೆ ಕಾಣಬೇಕು. ಅಂಥ ಹಲಗೆಯಿಂದ ಸೀಳಿದ ರೆಕ್ಕೆ ದೋಣಿಯಂತೆ ಬಾಗುವುದಿಲ್ಲ. ಉಂಗುರಗಳು ಮುಖದ ಜೊತೆ ಮಲಗಿದ್ದರೆ ಒಂದಲ್ಲ ಒಂದು ದಿನ ಬಾಗುತ್ತದೆ. ರೆಕ್ಕೆಗೆ ಎಂಡಿಎಫ್ (ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ) ನಾನು ಬಳಸುವುದಿಲ್ಲ. ಅದು ಜೋಲುತ್ತದೆ, ರೆಕ್ಕೆ ತಿರುಗಲು ತುದಿಯಲ್ಲಿ ಹಾಕುವ ಪಿನ್ ಹಿಡಿಯುವ ಶಕ್ತಿಯೂ ಅದಕ್ಕಿಲ್ಲ.

ಇನ್ನು ಲೆಕ್ಕ. ಮುಚ್ಚಿದಾಗ ಒಂದರ ಮೇಲೊಂದು 10 ಮಿ.ಮೀ. ಕೂರಬೇಕೆಂದು ರೆಕ್ಕೆಯಿಂದ ರೆಕ್ಕೆಗೆ, ನಡುವಿನಿಂದ ನಡುವಿಗೆ, 54 ಮಿ.ಮೀ. ಇಟ್ಟೆ. ಪಿನ್ ಕೂರುವ ಮೊದಲ ತೂತು ಚೌಕಟ್ಟಿನ ಮೇಲಿನ ಅಡ್ಡಪಟ್ಟಿಯಿಂದ 34 ಮಿ.ಮೀ. ಕೆಳಗೆ, ಅಂದರೆ ಅರ್ಧ ರೆಕ್ಕೆ ಮತ್ತು 2 ಮಿ.ಮೀ. ಸಡಿಲ. ಕೆಳಗೂ ಅಷ್ಟೇ. ಬಾಗಿಲಿನ ಎತ್ತರ 1000 ಅಂದುಕೊಳ್ಳಿ. ಮೇಲೆ ಕೆಳಗೆ 90ರ ಅಡ್ಡಪಟ್ಟಿ ಹಾಕಿದರೆ ನಡುವೆ 820 ಉಳಿಯುತ್ತದೆ. 15 ರೆಕ್ಕೆಗಳಿಗೆ ಬೇಕಾಗುವುದು 14 ಸಲ 54 ಮತ್ತು ಎರಡು 34, ಒಟ್ಟು 824. ಈಗ ರೆಕ್ಕೆಗಳ ಅಂತರ ಮುಟ್ಟಬಾರದು. ಅಡ್ಡಪಟ್ಟಿಗಳನ್ನೇ 88ಕ್ಕೆ ಇಳಿಸಬೇಕು. ಅವು 2 ಮಿ.ಮೀ. ಕಡಿಮೆಯಾದರೆ ಯಾರಿಗೂ ಕಾಣುವುದಿಲ್ಲ. ಅಂತರ ಬದಲಿಸಿದರೆ ಪ್ರತಿ ಬಾಗಿಲಿಗೂ ಬೇರೆ ಬೇರೆ ಅಳತೆಯಾಗಿ ಮುಂದೆ ರಿಪೇರಿ ಕಷ್ಟ.

ಈ ತೂತುಗಳನ್ನು ಟೇಪ್ ಹಿಡಿದು ಒಂದಾದ ಮೇಲೊಂದು ಗುರುತು ಮಾಡಬಾರದು. ಪ್ರತಿಸಲ ಅರ್ಧ ಮಿ.ಮೀ. ತಪ್ಪಿದರೂ ಕೊನೆಯ ರೆಕ್ಕೆ ಹೊತ್ತಿಗೆ 7 ಮಿ.ಮೀ. ಆಗುತ್ತದೆ. ನಾನು ಒಂದು ಗಟ್ಟಿ ಪಟ್ಟಿಯಲ್ಲಿ ಎಲ್ಲ ತೂತುಗಳನ್ನೂ ನಿಧಾನವಾಗಿ, ಒಂದೇ ತುದಿಯಿಂದ ಅಳೆದು ಕೊರೆದುಕೊಂಡೆ. ಅದರ ಮೇಲೆ 'ಮೇಲೆ' ಎಂದು ಬರೆದೆ. ಆಮೇಲೆ ಚೌಕಟ್ಟಿನ ಎಡ ನಿಲುವು, ಬಲ ನಿಲುವು (ನೆಟ್ಟಗೆ ನಿಲ್ಲುವ ಪಟ್ಟಿಗಳು), ರೆಕ್ಕೆಗಳನ್ನೆಲ್ಲ ಜೋಡಿಸಿ ಒಟ್ಟಿಗೆ ತಿರುಗಿಸುವ ಕೋಲು ಮೂರಕ್ಕೂ ಅದೇ ಅಚ್ಚು. ಮೂರೂ ಒಂದೇ ಅಳತೆಯಲ್ಲಿದ್ದರೆ ಮಾತ್ರ ರೆಕ್ಕೆಗಳೆಲ್ಲ ಒಟ್ಟಿಗೆ ಮುಚ್ಚುತ್ತವೆ.

ರೆಕ್ಕೆಯ ತುದಿಗೆ 6 ಮಿ.ಮೀ. ನೈಲಾನ್ ಪಿನ್. ಬುಡದಲ್ಲಿ 1 ಮಿ.ಮೀ. ದಪ್ಪದ ಕಾಲರ್ (ಬಳೆಯಂಥ ಅಂಚು) ಇರುವಂಥದ್ದು. ಆ ಕಾಲರ್ ರೆಕ್ಕೆಯನ್ನು ನಿಲುವಿನಿಂದ ದೂರ ಇಡುತ್ತದೆ, ಬಣ್ಣ ಬಣ್ಣಕ್ಕೆ ಉಜ್ಜುವುದಿಲ್ಲ. ಕಬ್ಬಿಣದ ಪಿನ್ ತೇವಕ್ಕೆ ತುಕ್ಕು ಹಿಡಿಯುತ್ತದೆ, ಮರದ ತೂತನ್ನೂ ಸವೆಸುತ್ತದೆ. ಪಿನ್ ರೆಕ್ಕೆಯ ಅಗಲಕ್ಕೂ ದಪ್ಪಕ್ಕೂ ಸರಿಯಾಗಿ ನಡುವೆ ಬರಬೇಕು. ಸ್ವಲ್ಪ ಒಂದು ಕಡೆಗೆ ಹೋದರೂ ಭಾರವಾದ ಬದಿ ಕೆಳಗೆ ತೂಗುತ್ತದೆ.

ರೆಕ್ಕೆ ಸಮತೂಕದಲ್ಲಿದ್ದರೂ ಮುಂದಿರುವ ಕೋಲಿನ ಭಾರ ಎಲ್ಲವನ್ನೂ ಕೆಳಕ್ಕೆ ಎಳೆಯುತ್ತಲೇ ಇರುತ್ತದೆ. ಅದನ್ನು ತಡೆಯುವುದು ಪಿನ್ನುಗಳ ಉಜ್ಜುವಿಕೆ ಒಂದೇ. ಅದು ಕಾಲ ಹೋದಂತೆ ಕಡಿಮೆಯಾಗುತ್ತದೆ. ಇಲ್ಲೇ ಬಿಗಿಸ್ಕ್ರೂ ಬೇಕು. ಹಿಂಜ್ ಇಲ್ಲದ ಕಡೆಯ ನಿಲುವಿನ ಹೊರ ಅಂಚಿನಿಂದ, ಪಿನ್ನಿನ ನೇರಕ್ಕೆ ಒಂದು ತೂತು ಕೊರೆದೆ. ಅದರೊಳಗೆ ಹಿತ್ತಾಳೆಯ ಥ್ರೆಡ್ ಬುಶ್ (ಒಳಗೆ ಸ್ಕ್ರೂ ಸುತ್ತುಗಳಿರುವ ಕೊಳವೆ), ಅದರಲ್ಲಿ ಸ್ಕ್ರೂ, ಸ್ಕ್ರೂ ಮುಂದೆ ನೈಲಾನ್ ತುಂಡು. ಸ್ಕ್ರೂ ತಿರುಗಿಸಿದರೆ ತುಂಡು ಪಿನ್ನಿನ ತಲೆಯನ್ನು ಒತ್ತುತ್ತದೆ, ರೆಕ್ಕೆ ಎದುರಿನ ನಿಲುವಿಗೆ ಒತ್ತಿಕೊಳ್ಳುತ್ತದೆ. ಎಲ್ಲ ರೆಕ್ಕೆಗೂ ಇದು ಬೇಡ. ಕೋಲು ಎಲ್ಲವನ್ನೂ ಜೋಡಿಸಿರುವುದರಿಂದ ಎರಡು ರೆಕ್ಕೆ ಬಿಗಿಯಾದರೆ ಮಿಕ್ಕವೂ ನಿಲ್ಲುತ್ತವೆ. ನಾನು ಮೇಲಿನಿಂದ ನಾಲ್ಕನೆಯದಕ್ಕೂ ಕೆಳಗಿನಿಂದ ನಾಲ್ಕನೆಯದಕ್ಕೂ ಇಟ್ಟೆ. ಬಾಗಿಲು ತೆರೆದರೆ ಸ್ಕ್ರೂ ಎದುರಿಗೇ ಸಿಗುತ್ತದೆ. ಇನ್ನೊಂದು ಮಾತು: ಪಿನ್ನಿಗೆ ಎಣ್ಣೆ ಬಿಡಲೇಬೇಡಿ. ನಮಗೆ ಬೇಕಾದ ಹಿಡಿತವೇ ಹೋಗುತ್ತದೆ, ಧೂಳೂ ಅಂಟುತ್ತದೆ.

ಚೌಕಟ್ಟು ಮಾಡುವಾಗ ಒಂದನ್ನು ನೆನಪಿಡಿ. ಮಾಮೂಲು ಬಾಗಿಲಿಗೆ ನಡುವಿನ ಹಲಗೆ ಬಲ ಕೊಡುತ್ತದೆ. ಲೂವರ್ ಬಾಗಿಲು ಹಲಗೆ ತೆಗೆದ ಮಂಚದ ಚೌಕಟ್ಟಿನಂತೆ, ನಾಲ್ಕು ಮೂಲೆಗಳೇ ಅದಕ್ಕೆ ಆಧಾರ. ಅದಕ್ಕೇ ಅಡ್ಡಪಟ್ಟಿ 88 ಮಿ.ಮೀ. ಅಷ್ಟು ಅಗಲ. ಹಿಂಜ್ ಕಡೆಯ ನಿಲುವಿಗೆ ಅಡ್ಡಪಟ್ಟಿಗಳನ್ನು ಮರದ ಗೂಟ ಮತ್ತು ಅಂಟಿನಿಂದ ಕೂಡಿಸಿದೆ. ಇನ್ನೊಂದು ಕಡೆ ಅಂಟಿಲ್ಲ. ಪ್ರತಿ ಮೂಲೆಗೆ ಎರಡು ಗೂಟ ಸುಮ್ನೆ ಕೂರುತ್ತವೆ, ನಡುವೆ ಒಂದು ಉದ್ದ ಬೋಲ್ಟ್, ಅಡ್ಡಪಟ್ಟಿಯೊಳಗೆ ಅದಕ್ಕೊಂದು ಅಡ್ಡ ನಟ್. ಬೋಲ್ಟ್ ಬಿಚ್ಚಿದರೆ ನಿಲುವು ಕೈಗೆ ಬರುತ್ತದೆ, ಬೇಕಾದ ರೆಕ್ಕೆ ಹೊರಗೆ. ತಿರುಗಿ ಜೋಡಿಸುವಾಗ ನಿಲುವನ್ನು ಸ್ವಲ್ಪ ಓರೆ ಹಿಡಿದು ಕೆಳಗಿನ ಪಿನ್ನಿನಿಂದ ಶುರುಮಾಡಿ ಒಂದೊಂದಾಗಿ ಮೇಲಕ್ಕೆ ಹೋಗಬೇಕು. ಹದಿನೈದನ್ನೂ ಒಟ್ಟಿಗೆ ಕೂರಿಸಲು ಹೋದರೆ ತಾಳ್ಮೆ ಹೋಗುತ್ತದೆ.

ಕೋಲನ್ನು ಹಿಂದೆ ಬಚ್ಚಿಡುವವರಿದ್ದಾರೆ. ನೋಡಲು ಚೆಂದ. ಆದರೂ ನನಗೆ ಮುಂದಿನ ಕೋಲೇ ಇಷ್ಟ, ಕೋಲನ್ನು ರೆಕ್ಕೆಗೆ ಸೇರಿಸುವ ಕೊಂಡಿ ಕಳಚಿದರೆ ಕಣ್ಣಿಗೆ ಕಾಣುತ್ತದೆ. ಕೊಂಡಿ ಹೊಡೆಯುವ ಮೊದಲು 1 ಮಿ.ಮೀ. ತೂತು ಮಾಡಿ, ಇಲ್ಲದಿದ್ದರೆ ತೆಳು ಅಂಚು ಸೀಳುತ್ತದೆ. ಮುಚ್ಚುವಾಗ ಕೋಲು 32 ಮಿ.ಮೀ. ಹತ್ತಿರ ಮೇಲಕ್ಕೆ ಏರುತ್ತದೆ, ಒಳಕ್ಕೂ ಸರಿಯುತ್ತದೆ. ಅದರ ತಲೆಗೆ ಮೇಲಿನ ಅಡ್ಡಪಟ್ಟಿಯಲ್ಲಿ ಒಂದು ಸಣ್ಣ ಗೂಡು ಕೊರೆಯದಿದ್ದರೆ ರೆಕ್ಕೆಗಳು ಪೂರ್ತಿ ಮುಚ್ಚುವುದಿಲ್ಲ.

ಬಣ್ಣ ಜೋಡಿಸುವ ಮೊದಲೇ, ತೆಳುವಾಗಿ, ಎಲ್ಲ ಮುಖಗಳಿಗೂ. ತುದಿಗಳನ್ನೂ ಬಿಡಬಾರದು, ಮರ ತೇವ ಕುಡಿಯುವುದು ಅಲ್ಲಿಂದಲೇ ಜಾಸ್ತಿ. ಪಿನ್ನಿನ ತೂತಿಗೆ ಮಾತ್ರ ಕಡ್ಡಿ ಚುಚ್ಚಿಟ್ಟು ಬಣ್ಣ ಒಳಗೆ ಹೋಗದಂತೆ ನೋಡಿ. ಹೊಸ ಬಣ್ಣ ಪೂರ್ತಿ ಗಟ್ಟಿಯಾಗುವವರೆಗೆ ರೆಕ್ಕೆಗಳನ್ನು ಅರ್ಧ ತೆರೆದಿಡಿ, ಮುಚ್ಚಿದರೆ ಅಂಟಿಕೊಳ್ಳುತ್ತವೆ.

ಕಿಟಕಿಯ ಅಗಲ ಮೂರು ಕಡೆ, ಎತ್ತರ ಮೂರು ಕಡೆ, ಜೊತೆಗೆ ಮೂಲೆಯಿಂದ ಮೂಲೆಗೆ ಎರಡೂ ಅಳತೆ ತೆಗೆದು ಚಿಕ್ಕದನ್ನೇ ಹಿಡಿದೆ. ಸುತ್ತ 3 ಮಿ.ಮೀ. ಸಂದು ಬಿಟ್ಟೆ.

ಬಳಸುವಾಗ, ಬಿಸಿಲು ತಡೆಯಬೇಕಾದರೆ ಕೋಣೆ ಕಡೆಯ ಅಂಚು ಮೇಲೆ ಇರಲಿ. ಮೇಲಿನಿಂದ ಇಳಿಯುವ ಬಿಸಿಲು ರೆಕ್ಕೆಗೆ ಬಡಿದು ಚಾವಣಿಗೆ ಚಿಮ್ಮುತ್ತದೆ, ಬೆಳಕೂ ಗಾಳಿಯೂ ಒಳಗೆ ಬರುತ್ತವೆ.

ಒಂದೇ ಮರದಿಂದ ಎರಡು ಮೂರು ರೆಕ್ಕೆ ಹೆಚ್ಚಿಗೆ ಮಾಡಿ, ಬಣ್ಣ ಹಾಕಿ ಎತ್ತಿಟ್ಟಿದ್ದೇನೆ. ಬಿಚ್ಚುವ ನಿಲುವಿನ ಒಳ ಅಂಚಿನಲ್ಲಿ 64, 54, 34 ಎಂದು ಪೆನ್ಸಿಲ್‌ನಲ್ಲಿ ಬರೆದಿದ್ದೇನೆ. ಮುಂದೆ ಯಾರು ಬಿಚ್ಚಿದರೂ ಅಳತೆ ಹುಡುಕಬೇಕಾಗಿಲ್ಲ.