ದೀಪಾವಳಿಯ ಎಣ್ಣೆಸ್ನಾನ ಮತ್ತು ನಮ್ಮ 38 ನಿಮಿಷದ ಸಿನಿಮಾ

ನಮ್ಮ ಮಲೆನಾಡಿನ ಮನೆಗಳಲ್ಲಿ ಮಗಳ ಮದುವೆಯಾದ ವರ್ಷದ ದೀಪಾವಳಿಗೆ ಅಳಿಯನನ್ನು ಕರೆಯುತ್ತಾರೆ. ನೀರು ತುಂಬುವ ಹಬ್ಬದ ಸಂಜೆಗೇ ಅವನು ಬಂದಿಳಿಯಬೇಕು, ನರಕ ಚತುರ್ದಶಿಯ ನಸುಕಿನಲ್ಲಿ ಅತ್ತೆ ಅವನ ನೆತ್ತಿಗೆ ಎಣ್ಣೆ ಇಡಬೇಕು, ಮಾವ ಹೊಸ ಪಂಚೆ ಕೊಡಬೇಕು. ನಾನು ಸಲಿಂಗಿ. ಸಂಗಾತಿಯೊಡನೆ ಬೆಂಗಳೂರಿನಲ್ಲಿ 11 ವರ್ಷ ಒಂದೇ ಮನೆಯಲ್ಲಿ ಬಾಳಿದ ಮೇಲೂ ಪ್ರತಿ ದೀಪಾವಳಿಗೆ ಸಾಗರದ ಬಸ್ಸನ್ನು ನಾನೊಬ್ಬನೇ ಹತ್ತುತ್ತಿದ್ದೆ. ಮಗನೊಬ್ಬ ತನ್ನ ಗೆಳೆಯನನ್ನು ಹಬ್ಬಕ್ಕೆ ಕರೆತರುತ್ತಾನೆ, ಮನೆಯವರು ಅವನನ್ನು ಯಾವ ಲೆಕ್ಕದಲ್ಲಿ ಒಳಗೆ ಕರೆದುಕೊಳ್ಳುತ್ತಾರೆ ಎಂಬ ಕಥೆ ಹುಟ್ಟಿದ್ದು ಆ ಬಸ್ಸಿನ ಕಿಟಕಿಯ ಪಕ್ಕದಲ್ಲಿ. ಅದನ್ನು 2023ರ ನವೆಂಬರಿನಲ್ಲಿ ಚಿತ್ರೀಕರಿಸಿದೆವು.

ಒಟ್ಟು ಖರ್ಚು 6 ಲಕ್ಷ 40 ಸಾವಿರ ರೂಪಾಯಿ. ನನ್ನ ಉಳಿತಾಯ, ಸಂಗಾತಿಯ ಉಳಿತಾಯ ಮತ್ತು ಎಂಟು ಮಂದಿ ಗೆಳೆಯರು ಹಾಕಿದ ಹಣ ಸೇರಿ ಅಷ್ಟಾಯಿತು. ಕಲಾವಿದರೂ ತಂತ್ರಜ್ಞರೂ ಸೇರಿ 13 ಜನ, ಒಂಬತ್ತು ದಿನಗಳ ಚಿತ್ರೀಕರಣ, ಒಂದೇ ಮನೆ. ಊಟಕ್ಕೂ ಧ್ವನಿಗ್ರಹಣಕ್ಕೂ ಕೈಬಿಗಿ ಮಾಡಬಾರದೆಂದು ಮೊದಲೇ ನಿಶ್ಚಯಿಸಿದ್ದೆ. ಬೆಳಗಿನ ಜಾವ ನಾಲ್ಕಕ್ಕೆ ಏಳುವವರಿಗೆ ಬಿಸಿ ಕಾಫಿಯೂ ಹೊಟ್ಟೆ ತುಂಬ ತಿಂಡಿಯೂ ಸಿಗದಿದ್ದರೆ ಮೂರನೆಯ ದಿನಕ್ಕೆ ತಂಡ ಒಡೆಯುತ್ತದೆ. ಹಾಗೆಯೇ, ಪಿಸುಮಾತಿನಲ್ಲಿ ನಡೆಯುವ ಕಥೆಗೆ ಮಾತುಗಳನ್ನು ಆಮೇಲೆ ಸ್ಟುಡಿಯೋದಲ್ಲಿ ಡಬ್ ಮಾಡಿದರೆ ಅದರ ಉಸಿರೇ ಹೋಗುತ್ತದೆ.

ಮೊದಲು ಗೊತ್ತುಮಾಡಿದ್ದ ಮನೆ ಕೈತಪ್ಪಿತು. ಕಥೆ ಏನೆಂದು ಹೇಳದೆ 'ಕುಟುಂಬದ ಕಥೆ' ಎಂದಷ್ಟೇ ಹೇಳಿ ಒಪ್ಪಿಸಿದ್ದೆ. ಬೇರೆ ಯಾರಿಂದಲೋ ವಿಷಯ ತಿಳಿದ ಯಜಮಾನರು ಚಿತ್ರೀಕರಣಕ್ಕೆ ಮೂರು ವಾರ ಇರುವಾಗ ಆಗುವುದಿಲ್ಲ ಎಂದರು. ತಪ್ಪು ನನ್ನದೇ ಆಗಿತ್ತು. ಎರಡನೆಯ ಮನೆಗೆ ಹೋದಾಗ ಜಗಲಿಯಲ್ಲಿ ಕೂತು ಮನೆಯವರೆಲ್ಲರ ಮುಂದೆ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ನಾನು ಯಾರು, ಇದನ್ನು ಏಕೆ ಮಾಡುತ್ತಿದ್ದೇನೆ ಎಂಬುದನ್ನೂ ಹೇಳಿದೆ. ಆ ಮನೆಯ ಹಿರಿಯರು ಬಹಳ ಹೊತ್ತು ಸುಮ್ಮನಿದ್ದು, ಅಂಗಳದಲ್ಲಿ ಅಡಿಕೆ ಒಣಗುತ್ತಿರುತ್ತದೆ, ಅದನ್ನು ತುಳಿಯದಿದ್ದರೆ ಸಾಕು ಎಂದರು. ಕೊನೆಕೊಯ್ಲಿನ, ಅಂದರೆ ಅಡಿಕೆ ಗೊನೆ ಇಳಿಸುವ, ಕಾಲವಾದ್ದರಿಂದ ರಾತ್ರಿ ಹೆಂಗಸರು ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದರು. ಆ ಸದ್ದನ್ನು ನಿಲ್ಲಿಸುವುದು ಸಾಧ್ಯವೂ ಇರಲಿಲ್ಲ, ನ್ಯಾಯವೂ ಆಗಿರಲಿಲ್ಲ; ಆದ್ದರಿಂದ ಅಡಿಕೆ ಸುಲಿಯುವ ದೃಶ್ಯವೊಂದನ್ನೇ ಚಿತ್ರಕಥೆಯಲ್ಲಿ ಸೇರಿಸಿದೆವು. ಮಗನ ಗೆಳೆಯನಿಗೆ ಸುಲಿಯಲು ಬಾರದೆ ತಂಗಿ ಅವನಿಗೆ ಕಲಿಸುವ ಆ ದೃಶ್ಯ ಇಲ್ಲದೆ ಈಗ ಸಿನಿಮಾವನ್ನು ನೆನೆಸಿಕೊಳ್ಳಲೂ ಆಗುವುದಿಲ್ಲ.

ತಾಯಿಯ ಪಾತ್ರಕ್ಕೆ ಸಿಕ್ಕವರು ಸಾಗರದ ಕಡೆಯ ಹವ್ಯಾಸಿ ನಟಿ. 1949ರಲ್ಲಿ ನೀನಾಸಂ ನಾಟಕ ಸಂಸ್ಥೆ ಹುಟ್ಟಿದ ಹೆಗ್ಗೋಡು ಇರುವುದು ಇದೇ ತಾಲ್ಲೂಕಿನಲ್ಲಿ. ತೋಟದ ಕೆಲಸ ಮುಗಿಸಿ ಸಂಜೆ ನಾಟಕದ ತಾಲೀಮಿಗೆ ಹೋಗುವವರು ಈ ಭಾಗದಲ್ಲಿ ಅಪರೂಪವಲ್ಲ. ಆಕೆಗೆ ಅರವತ್ತು ದಾಟಿತ್ತು, ಕ್ಯಾಮೆರಾದ ಮುಂದೆ ನಿಂತಿರಲಿಲ್ಲ. ನನ್ನ ಮೊದಲ ಕರಡಿನಲ್ಲಿ ಲಕ್ಷ್ಮೀಪೂಜೆಯ ರಾತ್ರಿ ಒಂದು ದೊಡ್ಡ ಜಗಳವಿತ್ತು. ಅಪ್ಪ ಕೂಗಾಡುತ್ತಾನೆ, ಅಮ್ಮ ಎರಡು ಪುಟಗಳಷ್ಟು ಮಾತಾಡಿ ಮಗನ ಪರವಾಗಿ ನಿಲ್ಲುತ್ತಾಳೆ. ತಾಲೀಮಿನ ಎರಡನೆಯ ದಿನ ಆಕೆ ಹಾಳೆಗಳನ್ನು ಮಡಚಿಟ್ಟು ಹೇಳಿದ್ದು ಹೀಗೆ: "ಇಷ್ಟೊಂದು ಮಾತಾಡೋ ಅಮ್ಮ ನಮ್ಮ ಕಡೆ ಯಾರಿದ್ದಾರೆ ಮಾರಾಯ? ನಾನಾಗಿದ್ರೆ ಇಬ್ಬರಿಗೂ ಮಣೆ ಹಾಕಿ ಎಣ್ಣೆ ಹಚ್ತಿದ್ದೆ. ಆಮೇಲೆ ಮನೆಯವ್ರು ಏನು ಬೇಕಾದ್ರೂ ತಿಳ್ಕೊಳ್ಲಿ." ಆ ರಾತ್ರಿಯೇ ಜಗಳದ ದೃಶ್ಯವನ್ನು ತೆಗೆದುಹಾಕಿ, ಅಮ್ಮ ಎಣ್ಣೆ ಹಚ್ಚುವ ಬೆಳಗಿನ ಕಡೆಗೆ ಇಡೀ ಕಥೆಯನ್ನು ತಿರುಗಿಸಿದೆ. ಅಲ್ಲಿಯವರೆಗೆ ನಾನು ಬರೆಯುತ್ತಿದ್ದದ್ದು ನನ್ನ ಅಮ್ಮನ ಬಾಯಿಂದ ಕೇಳಬೇಕೆಂದಿದ್ದ ಮಾತುಗಳನ್ನು.

ಮಗ ಮತ್ತು ಅವನ ಗೆಳೆಯನ ಪಾತ್ರಗಳಿಗೆ ನಟರು ಸಿಗುವುದು ಕಷ್ಟವಾಯಿತು. ಏಳು ಜನ ಕಥೆ ಮೆಚ್ಚಿದರೂ ಮನೆಯವರ ಭಯದಿಂದ ಹಿಂದೆ ಸರಿದರು. ಅವರ ಮೇಲೆ ನನಗೆ ಬೇಸರವಿಲ್ಲ. ಒಪ್ಪಿದ ಇಬ್ಬರೊಂದಿಗೆ ಬೆಂಗಳೂರಿನಲ್ಲಿ ಎರಡು ವಾರ ತಾಲೀಮು ನಡೆಸಿದೆ. ಯಾವ ಸ್ಪರ್ಶ ಇರಬೇಕು, ಯಾವುದು ಬೇಡ ಎಂಬುದನ್ನು ಮೂವರೂ ಕೂತು ಮಾತಾಡಿ ಬರೆದುಕೊಂಡೆವು, ಸೆಟ್ಟಿನಲ್ಲಿ ಅದಕ್ಕಿಂತ ಹೆಚ್ಚಿನದನ್ನು ಒಮ್ಮೆಯೂ ಕೇಳಲಿಲ್ಲ. ಈ ತಾಲೀಮಿನ ನಡುವೆಯೇ, ಅಕ್ಟೋಬರ್ 17ರಂದು, ಸಲಿಂಗಿಗಳ ಮದುವೆಯ ಕುರಿತು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠದ ತೀರ್ಪು ಬಂತು. ಮದುವೆ ಮೂಲಭೂತ ಹಕ್ಕಲ್ಲ, ಕಾನೂನು ಮಾಡುವುದು ಶಾಸಕಾಂಗದ ಕೆಲಸ ಎಂದಿತು ಪೀಠ. 2018ರ ಸೆಪ್ಟೆಂಬರ್ 6ರಂದು, ಸಲಿಂಗ ಸಂಬಂಧ ಅಪರಾಧವಲ್ಲ ಎಂಬ ಸೆಕ್ಷನ್ 377ರ ತೀರ್ಪು ಬಂದಾಗ ಕುಣಿದಿದ್ದ ನಾವೆಲ್ಲ ಆ ಸಂಜೆ ತಾಲೀಮು ಬಿಟ್ಟು ಸುಮ್ಮನೆ ಕೂತಿದ್ದೆವು. ಕಾನೂನೇ ಒಪ್ಪಿದ ಮೇಲೆ ನೀವೇಕೆ ಒಪ್ಪಬಾರದು ಎಂದು ಮಗ ಅಪ್ಪನನ್ನು ಕೇಳುವ ಸಾಲೊಂದು ಚಿತ್ರಕಥೆಯಲ್ಲಿತ್ತು. ಅದನ್ನು ಹೊಡೆದುಹಾಕಿದೆ. ಕಾನೂನು ಕೊಡದ 'ಅಳಿಯ' ಎಂಬ ಹೆಸರನ್ನು ಮನೆಯೊಂದು ತಾನಾಗಿ ಕೊಡಬಲ್ಲುದೇ ಎಂಬ ಪ್ರಶ್ನೆ ಆ ಸಾಲಿಗಿಂತ ದೊಡ್ಡದಾಗಿ ಕಂಡಿತು.

ಹಬ್ಬದ ಸಿನಿಮಾವನ್ನು ಹಬ್ಬದ ದಿನವೇ ತೆಗೆಯಲಾಗುವುದಿಲ್ಲ. ಪಟಾಕಿಯ ನಡುವೆ ಮಾತು ದಾಖಲಾಗದು. ಆದ್ದರಿಂದ ದೀಪಾವಳಿಯ ಮೂರು ದಿನ ನಾನು, ಕ್ಯಾಮೆರಾದವರು ಇಬ್ಬರೇ ಊರಿನಲ್ಲಿದ್ದು, ಮನೆಯಿಂದ ಮನೆಗೆ ಜ್ಯೋತಿ ಹೊತ್ತು ಹಾಡುತ್ತ ಸಾಗುವ ಅಂಟಿಗೆ ಪಂಟಿಗೆಯ ತಂಡವನ್ನು ಅವರ ಒಪ್ಪಿಗೆ ಪಡೆದು ಚಿತ್ರೀಕರಿಸಿದೆವು. ಉಳಿದ ತಂಡ ಬಂದದ್ದು ನವೆಂಬರ್ 16ಕ್ಕೆ, ಮುಗಿಸಿದ್ದು 24ರಂದು, ತುಳಸಿ ಹಬ್ಬದ ದಿನ. ಅಷ್ಟು ದಿನವೂ ಮನೆಯ ಮಾವಿನ ತೋರಣ, ದೀಪದ ಸಾಲು, ಆಕಾಶಬುಟ್ಟಿ ಹಾಗೆಯೇ ಇದ್ದುದರಿಂದ ಅಲಂಕಾರದ ಖರ್ಚು ಹೆಚ್ಚುಕಡಿಮೆ ಇರಲೇ ಇಲ್ಲ. ನಾನು ಮರೆತಿದ್ದದ್ದು ಚಂದ್ರನನ್ನು. ಕಥೆಯಲ್ಲಿರುವುದು ಅಮಾವಾಸ್ಯೆಯ ರಾತ್ರಿ, ಆದರೆ ನಮ್ಮ ಮೇಲೆ ಶುಕ್ಲಪಕ್ಷದ ಚಂದ್ರ ದಿನದಿನಕ್ಕೂ ಬೆಳೆಯುತ್ತಿದ್ದ. ವೇಳಾಪಟ್ಟಿಯನ್ನು ಬದಲಿಸಿ ಅಂಗಳದ ರಾತ್ರಿಯ ದೃಶ್ಯಗಳನ್ನೆಲ್ಲ ಮೊದಲ ಮೂರು ದಿನಕ್ಕೆ ತಂದು, ಚಂದ್ರ ಮುಳುಗಿದ ಮೇಲೆ ತೆಗೆದೆವು.

ಲೈಟು ಬಾಡಿಗೆಗೆ ಹಣವಿರಲಿಲ್ಲ. ಸೋನಿ ಎ7ಎಸ್ 3 ಕ್ಯಾಮೆರಾದಲ್ಲಿ ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 12800ಕ್ಕೆ ಹೋದರೂ ಚಿತ್ರ ಕೆಡುವುದಿಲ್ಲವಾದ್ದರಿಂದ ಹಣತೆ, ಒಲೆಯ ಬೆಂಕಿ ಮತ್ತು ಒಂದೆರಡು ಸಣ್ಣ ಎಲ್‌ಇಡಿಗಳಲ್ಲೇ ಕೆಲಸ ಮಾಡಿದೆವು. ಹಣತೆಯ ಎಣ್ಣೆ ಪ್ರತಿ ಟೇಕಿಗೂ ಇಳಿಯುತ್ತದೆ, ಬತ್ತಿ ಕರಕಾಗುತ್ತದೆ. ಮುಂದಿನ ಶಾಟಿನಲ್ಲಿ ಅದು ಮತ್ತೆ ತುಂಬಿದ್ದರೆ ನೋಡುವವರ ಕಣ್ಣಿಗೆ ಬೀಳುತ್ತದೆ. ಇದಕ್ಕೆಂದೇ ಒಬ್ಬ ಹುಡುಗ ಫೋನಿನಲ್ಲಿ ಚಿತ್ರ ತೆಗೆದಿಟ್ಟುಕೊಂಡು ಎಣ್ಣೆಯ ಮಟ್ಟ ನೋಡಿಕೊಳ್ಳುತ್ತಿದ್ದ.

ಎಣ್ಣೆಸ್ನಾನದ ದೃಶ್ಯವನ್ನು ಐದನೆಯ ದಿನದ ನಸುಕಿಗೆ ಇಟ್ಟುಕೊಂಡಿದ್ದೆವು. ತಾಮ್ರದ ಹಂಡೆಗೆ ಮನೆಯವರು ಹಬ್ಬದಲ್ಲಿ ಮಾಡಿದಂತೆಯೇ ಶೇಡಿಯೆಂಬ ಬಿಳಿ ಮಣ್ಣಿನಿಂದ ಚಿತ್ತಾರ ಬರೆದು, ಹಿಂಡಲೆಯೆಂಬ ಕಾಡುಬಳ್ಳಿಯ ಕಾಯಿಗಳ ಮಾಲೆ ಸುತ್ತಿದ್ದರು. ಬಚ್ಚಲಿನ ಹಬೆಗೆ ಲೆನ್ಸು ಮಂಜಾಗದಿರಲೆಂದು ಕ್ಯಾಮೆರಾವನ್ನು ಅರ್ಧ ಗಂಟೆ ಮೊದಲೇ ಒಳಗಿಟ್ಟಿದ್ದೆವು. ಎಲ್ಲ ಸಿದ್ಧವಾಗಿ ತಾಯಿಯ ಪಾತ್ರದಾಕೆ ಬಟ್ಟಲಿಗೆ ಕೈ ಹಾಕಿದರೆ ಕೊಬ್ಬರಿ ಎಣ್ಣೆ ಚಳಿಗೆ ಗಟ್ಟಿಯಾಗಿತ್ತು. ನಾನು ಕಟ್ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಆಕೆ ಬೆರಳಿನಿಂದ ಒಂದು ಬಿಳಿಯ ಉಂಡೆ ಎತ್ತಿಕೊಂಡು, ಎರಡು ಅಂಗೈಗಳ ನಡುವೆ ತಿಕ್ಕಿ ಕರಗಿಸುತ್ತ, ಮಣೆಯ ಮೇಲೆ ಕೂತಿದ್ದ ಇಬ್ಬರು ಹುಡುಗರನ್ನೂ ನೋಡುತ್ತ ನಿಂತರು. ಎಣ್ಣೆ ಕರಗಿ ಮಣಿಕಟ್ಟಿಗೆ ಇಳಿಯುವವರೆಗೂ ಅವಸರ ಮಾಡಲಿಲ್ಲ. ಆಮೇಲೆ ಮಗನನ್ನು ಬಿಟ್ಟು, ಅವನ ಗೆಳೆಯನ ನೆತ್ತಿಯ ಮೇಲೆ ಮೊದಲು ಕೈಯಿಟ್ಟರು. ನಾನು ಬರೆದದ್ದರಲ್ಲಿ ಮಗನಿಗೆ ಮೊದಲು ಎಂದಿತ್ತು. ಒಲೆಯ ಬೆಳಕಿನಲ್ಲಿ ಒಂದೂವರೆ ನಿಮಿಷ ನಡೆದ ಆ ಶಾಟನ್ನು ಸಂಕಲನದಲ್ಲಿ ಒಂದು ಫ್ರೇಮೂ ಕತ್ತರಿಸಿಲ್ಲ, ಅದರ ಮೇಲೆ ಸಂಗೀತವನ್ನೂ ಹಾಕಿಲ್ಲ.

ಕೊನೆಯ ಎರಡು ದಿನಕ್ಕೆ ಹಣ ತೀರಿತು. ಬಲಿಪಾಡ್ಯಮಿಯ ಗೋಪೂಜೆಯ ದೃಶ್ಯವನ್ನು, ಅಂದರೆ ಗೆಳೆಯನ ಕೈಯಿಂದ ಅಪ್ಪ ದನಕ್ಕೆ ಹಾರ ಹಾಕಿಸುವುದನ್ನು, ಕೈಬಿಡಬೇಕಾಯಿತು. ಅಪ್ಪ ಒಂದೇ ಅಂಚಿನ ಎರಡು ಪಂಚೆಗಳನ್ನು ಮಾತಿಲ್ಲದೆ ಜಗಲಿಯ ಮೇಲಿಟ್ಟು ತೋಟಕ್ಕೆ ಹೋಗುವಲ್ಲಿಗೆ ಸಿನಿಮಾ ಮುಗಿಯುತ್ತದೆ.

ಬೆಂಗಳೂರಿನ ಪ್ರದರ್ಶನಗಳಿಗಿಂತ ಮೊದಲು, ಮಾತು ಕೊಟ್ಟಿದ್ದಂತೆ, ಆ ಮನೆಯ ಅಂಗಳದಲ್ಲೇ ಬಿಳಿಯ ಪಂಚೆ ಕಟ್ಟಿ ತೋರಿಸಿದೆವು. ನನ್ನ ಸಂಗಾತಿಯೂ ಬಂದಿದ್ದ. ಮುಗಿದ ಮೇಲೆ ಪಕ್ಕದ ಮನೆಯ ಅಜ್ಜಿಯೊಬ್ಬರು ನನ್ನನ್ನು ಕರೆದು, ಆ ಹುಡುಗ ಗೋಪೂಜೆಯವರೆಗೆ ಇದ್ದನೋ ಅಥವಾ ಬೆಳಗಿನ ಬಸ್ಸಿಗೇ ಹೋದನೋ ಎಂದು ಕೇಳಿದರು. ಇದ್ದ ಅಜ್ಜಿ, ಅದನ್ನು ತೆಗೆಯಲು ದುಡ್ಡಿರಲಿಲ್ಲ ಎಂದೆ. "ಹಂಗಾದ್ರೆ ಸರಿ, ಹಬ್ಬ ಮುಗಿಸ್ಕೊಂಡೇ ಹೋಗ್ಬೇಕು" ಎಂದು ಅವರು ಬ್ಯಾಟರಿ ಹೊತ್ತಿಸಿಕೊಂಡು ಮನೆಯ ಕಡೆ ಹೊರಟರು.