ಎಂಆರ್‌ಪಿ ಕಡಿತ ಬಿಡಿ, 100 ಗ್ರಾಂ ರೇಟ್ ನೋಡಿ
ರವಿವಾರ ಪೇಟೆಯ ಹೋಲ್‌ಸೇಲ್ ಅಂಗಡಿಗೂ ಡಿಸ್ಕೌಂಟ್ ಮಾಲ್‌ಗೂ ರೇಟ್ ಹೋಲಿಸುವಾಗ ಎಂಆರ್‌ಪಿ ಮೇಲೆ ಎಷ್ಟು ಕಡಿಮೆ ಅಂತ ನೋಡಬೇಡಿ, ನೀವು ಕೊಡುವ ದುಡ್ಡನ್ನು ಪ್ಯಾಕೆಟ್‌ನ ನಿವ್ವಳ ತೂಕದಿಂದ (ಗ್ರಾಂನಲ್ಲಿ) ಭಾಗಿಸಿ, 100ರಿಂದ ಗುಣಿಸಿ, 100 ಗ್ರಾಂಗೆ ಎಷ್ಟು ಬಿತ್ತು ಅಂತ ಮೊಬೈಲಲ್ಲೇ ನೋಡಿ. ಯಾಕಂದ್ರೆ ಒಂದೇ ಥರ ಕಾಣುವ ಪ್ಯಾಕೆಟ್‌ಗಳ ತೂಕ ಒಂದೇ ಇರಲ್ಲ. ಎಣ್ಣೆಯಲ್ಲಂತೂ ಇದು ಜಾಸ್ತಿ: 1 ಲೀಟರ್ ಅಂದ್ರೆ ಸುಮಾರು 910 ಗ್ರಾಂ, ಆದ್ರೆ ಪಕ್ಕದಲ್ಲೇ ಅಷ್ಟೇ ದಪ್ಪ ಕಾಣುವ 850 ಗ್ರಾಂ ಪ್ಯಾಕೆಟ್ ಇರುತ್ತದೆ. 850 ಗ್ರಾಂಗೆ 130 ರೂಪಾಯಿ, 910 ಗ್ರಾಂಗೆ 136 ರೂಪಾಯಿ ಅಂದ್ಕೊಳ್ಳಿ, ಅಗ್ಗ ಅನ್ನಿಸುವ ಮೊದಲನೆಯದು 100 ಗ್ರಾಂಗೆ 15.29 ಬೀಳುತ್ತದೆ, ಎರಡನೆಯದು 14.95. ಪ್ಯಾಕೆಟ್ ಮೇಲೆ ಗ್ರಾಂ ಲೆಕ್ಕದ ಬೆಲೆ ಅಚ್ಚಾಗಿರುತ್ತದಲ್ವಾ, ಅದು ಎಂಆರ್‌ಪಿ ಮೇಲಿನ ಲೆಕ್ಕ, ಡಿಸ್ಕೌಂಟ್ ಆದಮೇಲಿನದಲ್ಲ, ಅದನ್ನು ನಂಬಿ ಹೋಲಿಸಬೇಡಿ. ದೊಡ್ಡ ಪ್ಯಾಕ್ ಯಾವಾಗಲೂ ಅಗ್ಗ ಅನ್ನೋದೂ ಸುಮ್ನೆ ಮಾತು. ಸೋಪು, ಟೂತ್‌ಪೇಸ್ಟ್, ಬ್ರ್ಯಾಂಡೆಡ್ ಹಿಟ್ಟಿಗೆ ಈ ಲೆಕ್ಕ ಚೆನ್ನಾಗಿ ನಡೆಯುತ್ತದೆ. ಬಿಡಿ ತೊಗರಿ ಬೇಳೆ, ಜೋಳ, ಶೇಂಗಾಕ್ಕೆ ನಡೆಯಲ್ಲ, ಅಲ್ಲಿ ಕಾಳಿನ ಗುಣಮಟ್ಟವೇ ಬೇರೆ ಬೇರೆ, ಅಂಗೈ ಮೇಲೆ ಸುರಿದು ನುಚ್ಚು, ಹುಳು ಇದೆಯಾ ನೋಡಲೇಬೇಕು. ಇಬ್ಬರೇ ಇರುವ ಮನೆಗೆ 5 ಕೆಜಿ ರವೆ ಒಯ್ದರೂ ಅಷ್ಟೇ, ಮಳೆಗಾಲದಲ್ಲಿ ಉಳಿದದ್ದು ಹುಳುವಿನ ಪಾಲು.