ಮಾಳಿಗೆಯ ಮಳೆನೀರು ಕುಡಿಯಲು ಹೌದ (ನೀರಿನ ತೊಟ್ಟಿ) ಕಟ್ಟಿಕೊಂಡದ್ದು: ನನ್ನ ಅನುಭವ

ನಾನು ಗೌಂಡಿ. ಗದಗ ಜಿಲ್ಲೆ ಮುಂಡರಗಿ ತಾಲೂಕಿನ ನಮ್ಮೂರಲ್ಲಿ ಬೋರಿನ ನೀರು ಕಣ್ಣಿಗೆ ತಿಳಿ, ಬಾಯಿಗೂ ಕೆಟ್ಟದ್ದಲ್ಲ. ಆದರೆ ಅದರಲ್ಲಿ ಕರಗಿರುವ ಫ್ಲೋರೈಡ್ ಎಂಬ ಲವಣಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಮೂಡಿದಾಗ, ಹಿರಿಯರ ಮೊಣಕಾಲು, ಬೆನ್ನು ಬಿಗಿದಾಗ ಅದು ಗೊತ್ತಾಗುವುದು. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನಕ. ನಮ್ಮ ಬೋರು ಅದನ್ನೂ ದಾಟಿತ್ತು.

ಕಾಯಿಸಿ ಕುಡಿದರಾಯಿತು ಎಂದು ಇಂದಿಗೂ ಎಷ್ಟೋ ಮಂದಿ ನಂಬಿದ್ದಾರೆ. ಕಾಯಿಸಿದರೆ ಆವಿಯಾಗಿ ಹೋಗುವುದು ನೀರು. ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ಇನ್ನೂ ಆಳಕ್ಕೆ ಕೊರೆಸಿದರೆ ಒಳ್ಳೇ ನೀರು ಸಿಗುತ್ತದೆಂಬ ಭರವಸೆಯೂ ಇಲ್ಲ. ಫ್ಲೋರೈಡ್ ಬರುವುದೇ ಕಲ್ಲಿನಿಂದ. ಬಂಡೆಯ ಸಂದಿಯಲ್ಲಿ ನೀರು ಹೆಚ್ಚು ಕಾಲ ನಿಂತಷ್ಟೂ ಹೆಚ್ಚು ಕರಗಿ ಬರುತ್ತದೆ. ಹಾಗಾದರೆ ಕಲ್ಲು ಮುಟ್ಟುವ ಮೊದಲೇ ನೀರು ಹಿಡಿಯಬೇಕು ಎಂದು ನಿರ್ಧರಿಸಿದೆ.

"ಮಾಳಿಗಿ ಮ್ಯಾಲಿನ ನೀರು ಕುಡಿಯೂದೇನೋ ತಮ್ಮಾ? ಪಾರಿವಾಳ, ಬೆಕ್ಕು ಎಲ್ಲಾ ಅಡ್ಡಾಡತಾವು" ಅಂದಳು ಅವ್ವ. ಅವಳ ಮಾತು ನಿಜವೇ. ಅದಕ್ಕೆ ಉತ್ತರ ಹುಡುಕುವುದೇ ಈ ಕೆಲಸದ ಮುಖ್ಯ ಪಾಲು.

ಲೆಕ್ಕವೇನೂ ಕಷ್ಟದ್ದಲ್ಲ. ಒಂದು ಚದರ ಮೀಟರ್ ಜಾಗದ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ನಮ್ಮ ಸ್ಲ್ಯಾಬು 60 ಚದರ ಮೀಟರ್. ವರ್ಷದ ಮಳೆ 500 ಮಿ.ಮೀ. ಎಂದು ಕಡಿಮೆಯೇ ಹಿಡಿದರೂ 30,000 ಲೀಟರ್ ಆಯಿತು. ಐದರಲ್ಲೊಂದು ಪಾಲು ಪೋಲಾದರೂ 24,000 ಉಳಿಯುತ್ತದೆ. ಕುಡಿಯಲು, ಅಡಿಗೆಗೆ ಐದು ಮಂದಿಗೆ ದಿನಕ್ಕೆ ಎರಡು ಕೊಡ, ಅಂದರೆ 30 ಲೀಟರ್ ಸಾಕು. ಸ್ವಾತಿ ಮಳೆ ಮುಗಿದು ಮಿರಗ (ಮೃಗಶಿರ ಮಳೆ) ಕೂಡುವವರೆಗಿನ ಏಳು ತಿಂಗಳಿಗೆ 6,300 ಲೀಟರ್. ಒಳಗೆ ಎರಡು ಮೀಟರ್ ಉದ್ದ, ಅಷ್ಟೇ ಅಗಲ, ಅಷ್ಟೇ ಆಳದ ಹೌದದಲ್ಲಿ 8,000 ಲೀಟರ್ ಹಿಡಿಯುತ್ತದೆ. ಸ್ನಾನಕ್ಕೆ, ಬಟ್ಟೆಗೆ ಬೋರಿನ ನೀರೇ ಇರಲಿ. ಈ ನೀರನ್ನು ಅದಕ್ಕೆ ಸುರಿದರೆ ದೀಪಾವಳಿ ಕಳೆದ ಸ್ವಲ್ಪ ದಿನಕ್ಕೇ ಹೌದ ಬರಿದಾಗುತ್ತದೆ.

ನಮ್ಮದು ಎರಿ ಮಣ್ಣು, ಅಂದರೆ ಕಪ್ಪು ಮಣ್ಣು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಅದರ ಮೇಲೆ ಕಟ್ಟಿದ ಹೌದ ಸೀಳದೆ ಉಳಿಯುವುದು ಕಷ್ಟ. ಅದಕ್ಕೇ ಗರಸು (ಗಟ್ಟಿ ಜಲ್ಲಿಮಣ್ಣು) ಸಿಗುವವರೆಗೆ ತೋಡಿಸಿ, ಕಬ್ಬಿಣದ ಸರಳು ಹಾಕಿ ತಳ, ಗೋಡೆ ಎರಡನ್ನೂ ಕಾಂಕ್ರೀಟಿನಲ್ಲೇ ಎತ್ತಿದೆ. ಗೋಡೆಯ ಸುತ್ತ ತೆಗೆದ ಎರಿಯನ್ನು ಮತ್ತೆ ತುಂಬದೆ ಗರಸನ್ನೇ ತುಂಬಿ ಧಮ್ಮಸ್ಸು ಮಾಡಿಸಿದೆ. ಖರ್ಚು ಉಳಿಸಲು ಹೋಗಬಾರದ ಜಾಗ ಇದು. ಒಳಗಿನ ಮೂಲೆಗಳನ್ನು ದುಂಡಗೆ ಗಿಲಾವು ಮಾಡಿದರೆ ತೊಳೆಯಲು ಸುಲಭ. ಹೊಸ ಸಿಮೆಂಟಿನ ಒಗರು ಹೋಗಲು ಒಮ್ಮೆ ಪೂರ್ತಿ ತುಂಬಿಸಿ ಖಾಲಿ ಮಾಡಬೇಕು.

ಇನ್ನು ಅವ್ವನ ಪಾರಿವಾಳದ ವಿಚಾರ. ಮುಂಗಾರಿಗೆ ಮುಂಚಿನ ಅಡ್ಡಮಳೆಗೆ ಮೊದಲೇ ಮಾಳಿಗೆ ಗುಡಿಸಿ ತೊಳೆಯುತ್ತೇವೆ. ಔಷಧ ಹೊಡೆದ ಮೆಣಸಿನಕಾಯಿಯನ್ನು ಅಲ್ಲಿ ಒಣಹಾಕುವುದನ್ನು ನಿಲ್ಲಿಸಿದ್ದೇವೆ. ಪ್ರತಿ ಮಳೆಯ ಮೊದಲ 2 ಮಿ.ಮೀ. ನೀರು, ನಮ್ಮ ಮಾಳಿಗೆಗೆ 120 ಲೀಟರ್, ಹೌದಕ್ಕೆ ಹೋಗಬಾರದು. ನಾಲ್ಕಿಂಚಿನ ಪೈಪಿನ ತುಂಡು ನಿಲ್ಲಿಸಿ ಅದರಲ್ಲೇ ಕೊಳೆ ನೀರು ಹಿಡಿಯಿರಿ ಎಂದು ಕೆಲವರು ಹೇಳುತ್ತಾರೆ. ಆ ಪೈಪಿನಲ್ಲಿ ಒಂದು ಮೀಟರಿಗೆ ಹಿಡಿಯುವುದು ಎಂಟೊಂಬತ್ತು ಲೀಟರ್ ಅಷ್ಟೇ. ನಾನು ಇಳಿಪೈಪಿಗೆ ಮೂರು ಬಾಯಿಯ ಟೀ ಜೋಡಣೆ ಕೂಡಿಸಿ 200 ಲೀಟರಿನ ಮುಚ್ಚಿದ ಬ್ಯಾರಲ್ ಜೋಡಿಸಿದೆ. ಅದು ತುಂಬಿದ ಮೇಲೆಯೇ ನೀರು ಫಿಲ್ಟರಿನತ್ತ ತಿರುಗುತ್ತದೆ. ಬ್ಯಾರಲ್ಲಿನ ತಳದ ನಲ್ಲಿಯನ್ನು ತುಸುವೇ ಬಿಟ್ಟಿರುವುದರಿಂದ ಮುಂದಿನ ಮಳೆಗೆ ತಾನಾಗಿ ಖಾಲಿಯಾಗಿರುತ್ತದೆ.

ಫಿಲ್ಟರಿನಲ್ಲಿ ಕೆಳಗೆ ದಪ್ಪ ಖಡಿ (ಜಲ್ಲಿ), ಅದರ ಮೇಲೆ ಸಣ್ಣ ಖಡಿ, ಮೇಲೆ ಉಸುಕು. ಉಸುಕನ್ನು ತೊಳೆದ ನೀರು ತಿಳಿಯಾಗುವವರೆಗೆ ತೊಳೆಯಬೇಕು. ಇದ್ದಿಲು ಹಾಕಲಿಲ್ಲ, ಕಾಲಕಾಲಕ್ಕೆ ಬದಲಿಸದಿದ್ದರೆ ಅದರಲ್ಲೇ ಕ್ರಿಮಿ ಬೆಳೆಯುತ್ತವೆ. ಹೌದಕ್ಕೆ ಬೆಳಕು ಹೋಗದಿದ್ದರೆ ಪಾಚಿ ಕಟ್ಟದು, ಹೆಚ್ಚಾದ ನೀರು ಹೊರಹೋಗುವ ಪೈಪಿನ ಬಾಯಿಗೆ ಸಣ್ಣ ಜಾಳಿಗೆ ಇದ್ದರೆ ಸೊಳ್ಳೆ ಸೇರದು. ಕೊಡ ಇಳಿಸಿ ಸೇದುವುದಿಲ್ಲ, ಕೈಪಂಪು ಕೂಡಿಸಿದ್ದೇನೆ.

ಹೌದ ತುಂಬಿದಾಗ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಲೆಕ್ಕದಲ್ಲಿ ಹೊಸ ಬ್ಲೀಚಿಂಗ್ ಪೌಡರನ್ನು ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕುಳಿತ ಮೇಲೆ ತಿಳಿಯನ್ನಷ್ಟೇ ಸುರಿಯುತ್ತೇನೆ. ಅದರ ಬಲ ತಿಂಗಳುಗಟ್ಟಲೆ ಉಳಿಯುವುದಿಲ್ಲ. ಹೀಗಾಗಿ ಆಗಾಗ ನೀರಿನಲ್ಲಿ ಹೊಲಸಿನ ಕ್ರಿಮಿ ಇದೆಯೇ ಎಂದು ತೋರಿಸುವ ಎಚ್2ಎಸ್ ಪರೀಕ್ಷೆಯ ಬಾಟಲಿಯಲ್ಲಿ ನೀರು ತುಂಬಿಟ್ಟು ನೋಡುತ್ತೇವೆ. ಎರಡು ದಿನದೊಳಗೆ ಕಪ್ಪಗಾದರೆ ಹೊಲಸು ಸೇರಿದೆ ಎಂದರ್ಥ, ಮತ್ತೆ ಪೌಡರು ಹಾಕಬೇಕು. ಮಕ್ಕಳಿಗೆ ಮಾತ್ರ ಯಾವಾಗಲೂ ಕಾಯಿಸಿ ಆರಿಸಿದ ನೀರೇ. ಕ್ರಿಮಿಗೆ ಕಾಯಿಸುವುದು ಒಳ್ಳೇ ಮದ್ದು.

ಮಣ್ಣಿನ ಮೇಲ್ಮುದ್ದೆಯ ಮನೆಯಿಂದ ಕುಡಿಯುವ ನೀರು ಹಿಡಿಯಲಾಗದು. ಅಂಥವರಿಗೆ ನಾನು ಹಿತ್ತಿಲಲ್ಲಿ ಪತ್ರಾಸಿನ (ತಗಡಿನ) ಚಪ್ಪರ ಹಾಕಿ, ಅಂಚಿಗೆ ನೀರು ಹರಿದು ಬರಲು ತಗಡಿನ ದೋಣಿ ಕಟ್ಟಿ, ಎರಡು ಸಾವಿರ ಲೀಟರಿನ ಕಪ್ಪು ಪ್ಲಾಸ್ಟಿಕ್ ಟ್ಯಾಂಕಿನಿಂದ ಶುರುಮಾಡಿ ಎನ್ನುತ್ತೇನೆ. ಬರೇ ಕುಡಿಯಲಿಕ್ಕೆ ದಿನಕ್ಕೆ ಹತ್ತು ಲೀಟರ್ ಬಳಸಿದರೂ ಆರು ತಿಂಗಳು ದಾಟುತ್ತದೆ.